ಮಳೆ ಬಂದರೆ ಕರೆಂಟ್ ಹೋಗುವುದು ಯಾಕೆ? ಮನೆಯದ್ದಾ, ಕಂಬದ್ದಾ, ಲೈನಿನದ್ದಾ?

ನಾಪೋಕ್ಲು_ತೋಟದಮನೆ
ಎಲ್ಲರಿಗೂ ನಮಸ್ಕಾರ. ಕೊಡಗಿನಲ್ಲಿ ಮಳೆಗಾಲಕ್ಕೆ ಕರೆಂಟ್ ಹೋಗುವುದು ಹೊಸತೇನಲ್ಲ. ಆದರೆ ಈ ಸಲ ನಮ್ಮಲ್ಲಿ ಒಂದೊಂದು ದಿನ ಒಂದೊಂದು ಥರ. ಒಮ್ಮೆ ಊರಿಗೆ ಊರೇ ಕತ್ತಲೆ. ಇನ್ನೊಮ್ಮೆ ಪಕ್ಕದ ಮನೆಯಲ್ಲಿ ದೀಪ ಇರುತ್ತದೆ, ನಮ್ಮಲ್ಲಿ ಇಲ್ಲ. ನಿನ್ನೆ ರಾತ್ರಿ ಬಲ್ಬ್ ಮಿಣಮಿಣ ಅನ್ನುತ್ತಿತ್ತು, ಫ್ರಿಜ್ ಗುರ್ ಅಂದು ನಿಲ್ಲುತ್ತಿತ್ತು. ಫೋನ್ ಮಾಡಿದರೆ "ಲೈನ್ ಫಾಲ್ಟ್" ಅಂತಾರೆ, ಅಷ್ಟೇ. ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ಯಾವುದಕ್ಕೆ ವಯರಿಂಗ್‌ನವರನ್ನು ಕರೆಯಬೇಕು, ಯಾವುದಕ್ಕೆ ಲೈನ್‌ಮನ್‌ಗೆ ಹೇಳಬೇಕು, ಯಾವಾಗ ಸುಮ್ನೆ ಕಾಯಬೇಕು? ತಿಳಿದವರು ಹೇಳಿ.

ಕುಶಾಲನಗರ_ಅಂಗಡಿ
ಇಲ್ಲಿ ಕರೆಂಟ್ ಇದೆ. ಹೊಟ್ಟೆಕಿಚ್ಚು ಬೇಡ.

ಭಾಗಮಂಡಲ_ಮಳೆ
ಇಲ್ಲಿ ಕರೆಂಟೂ ಇಲ್ಲ, ಟವರೂ ಇಲ್ಲ ಮಾರಾಯ್ರೆ. ಟವರಿನ ಡೀಸೆಲ್ ಮುಗಿದರೆ ಕಂಪ್ಲೇಂಟ್ ಕೊಡಲು ಗುಡ್ಡ ಹತ್ತಬೇಕು. ಇದನ್ನೂ ಗುಡ್ಡದ ಮೇಲಿಂದಲೇ ಬರೆಯುತ್ತಿದ್ದೇನೆ.

ಹಳೇ_ಲೈನ್‌ಮನ್
ನಾನು ಇದೇ ಕೆಲಸ ಮಾಡಿ ನಿವೃತ್ತಿಯಾದವನು. ಶಾಂತಳ್ಳಿ ಕಡೆಯ ಮಳೆ ಕಂಡಿದ್ದೇನೆ. "ಲೈನ್ ಫಾಲ್ಟ್" ಅಂದರೆ ಸುಳ್ಳಲ್ಲ, ಆದರೆ ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ಕರೆಂಟ್ ಹೇಗೆ ಹೋಯಿತು ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಮೊದಲು ನಿಮ್ಮ ಮಿಣಮಿಣ ಬಲ್ಬಿನ ವಿಷಯ. ಊರಿನ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, 11 ಕೆವಿಯ (11,000 ವೋಲ್ಟಿನ) ಮೂರು ತಂತಿ ಬರುತ್ತವೆ. ಟಿಸಿಯಿಂದ ಕೆಳಗೆ ಮೂರು ಫೇಸ್, ಅಂದರೆ ಕರೆಂಟ್ ತರುವ ಮೂರು ತಂತಿ, ಹೊರಡುತ್ತವೆ. ಸಾಮಾನ್ಯ ಮನೆಗೆ ಅದರಲ್ಲಿ ಒಂದೇ ಫೇಸ್. ಮೇಲೆ 11 ಕೆವಿ ಕಡೆ ಒಂದು ಫ್ಯೂಸ್ ಹೋಯಿತು ಅಥವಾ ಎಲ್ಲೋ ಒಂದು ಜಂಪ್ (ತಂತಿಗೆ ತಂತಿ ಸೇರಿಸುವ ತುಂಡು) ಬಿಟ್ಟಿತು ಅಂದುಕೊಳ್ಳಿ. ಆಗ ಕೆಳಗಿನ ಮೂರರಲ್ಲಿ ಒಂದು ಫೇಸ್ ಸರಿಯಾಗಿಯೇ ಇರುತ್ತದೆ. ಉಳಿದ ಎರಡರಲ್ಲಿ ವೋಲ್ಟೇಜ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. 230 ಇರಬೇಕಾದ ಕಡೆ 115ರ ಆಸುಪಾಸು. ಬಲ್ಬ್ ಡಿಮ್, ಫ್ಯಾನ್ ನಿಧಾನ. ಫ್ರಿಜ್ಜಿನ ಮೋಟಾರಿಗೆ ತಿರುಗುವಷ್ಟು ಬಲ ಸಿಗದೆ ಗುರ್ ಅನ್ನುತ್ತದೆ. ತಿರುಗದೆ ನಿಂತ ಮೋಟಾರ್ ಕರೆಂಟ್ ಮಾತ್ರ ಜಾಸ್ತಿ ಎಳೆಯುತ್ತದೆ. ವೈಂಡಿಂಗ್ ಸುಟ್ಟುಹೋಗುವುದು ಹೀಗೆಯೇ. ಹಾಗಾಗಿ ಬಲ್ಬ್ ಡಿಮ್ ಆದ ತಕ್ಷಣ ಫ್ರಿಜ್ ಪ್ಲಗ್ ತೆಗೆಯಿರಿ, ಪಂಪ್ ಹಾಕಬೇಡಿ. ಒಂದು ಮಾತು, ಕೆಲವು ಎಲ್‌ಇಡಿ ಬಲ್ಬ್ ಅಷ್ಟು ಕಡಿಮೆ ವೋಲ್ಟೇಜಿನಲ್ಲೂ ಚೆನ್ನಾಗಿಯೇ ಉರಿಯುತ್ತವೆ. ಅದನ್ನು ನೋಡಿ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ, ಫ್ಯಾನ್ ನೋಡಿ.

ಟಿಸಿಯ ಕೆಳಗಿನ ಕಡೆ, ಅಂದರೆ ಮನೆಗಳಿಗೆ ಬರುವ ಕಡೆ ಫ್ಯೂಸ್ ಹೋದರೆ ಲಕ್ಷಣ ಬೇರೆ. ಆ ಫೇಸಿನ ಮನೆಗಳೆಲ್ಲ ಪೂರ್ತಿ ಕತ್ತಲೆ, ಉಳಿದವರಿಗೆ ಏನೂ ಆಗಿರುವುದಿಲ್ಲ.

ಆದ್ದರಿಂದ ಫೋನಿನಲ್ಲಿ "ಕರೆಂಟ್ ಇಲ್ಲ" ಅಂತ ಹೇಳಿ ಇಡಬೇಡಿ. "ನಮ್ಮ ಮನೆ ಮತ್ತು ಮೇಲಿನ ಮನೆಯಲ್ಲಿ ಡಿಮ್ ಇದೆ, ಕೆಳಗಿನ ಮನೆಯಲ್ಲಿ ಸರಿ ಇದೆ" ಅನ್ನಿ. ಹುಡುಗರು ನೇರ ಟಿಸಿ ಹತ್ತಿರ ಬರುತ್ತಾರೆ. ಇಲ್ಲದಿದ್ದರೆ ಮಳೆಯಲ್ಲಿ ಒಂದೊಂದೇ ಕಂಬ ನೋಡಿಕೊಂಡು ಬರಬೇಕು.

ಮಾದಾಪುರದವಳು
ಅಣ್ಣ, ನಮ್ಮಲ್ಲಿ ಇದರ ಉಲ್ಟಾ. ಮಿಕ್ಸಿ ಹಾಕಿದರೆ ಒಂದು ರೂಮಿನ ಬಲ್ಬ್ ಅಲ್ಲ, ಇಡೀ ಮನೆಯ ಬಲ್ಬ್ ಇಳಿಯುತ್ತದೆ, ಮಿಕ್ಸಿ ನಿಲ್ಲಿಸಿದರೆ ಬೇಕಾದ್ದಕ್ಕಿಂತ ಜೋರಾಗಿ ಬೆಳಗುತ್ತದೆ. ಪಕ್ಕದವರ ಟಿವಿ ಹೋಯಿತು ಅಂತ ಬೇರೆ ಹೇಳುತ್ತಿದ್ದರು.

ಹಳೇ_ಲೈನ್‌ಮನ್
ಅಕ್ಕ, ಮೊದಲು ಮೇನ್ ಆಫ್ ಮಾಡಿ, ಆಮೇಲೆ ಇದನ್ನು ಓದಿ. ಇದು ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ, ಬಿಟ್ಟಿರುವ ಲಕ್ಷಣ. ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದರೆ ಅಥವಾ ಸಡಿಲವಾದರೆ ಒಂದು ಫೇಸಿನ ಮನೆ ಇನ್ನೊಂದು ಫೇಸಿನ ಮನೆಯ ಜೊತೆ ಸಾಲಾಗಿ ಸೇರಿದ ಹಾಗೆ ಆಗುತ್ತದೆ. ಎರಡು ಫೇಸಿನ ನಡುವೆ 400 ವೋಲ್ಟಿನ ಆಸುಪಾಸು ಇರುತ್ತದೆ. ಯಾರ ಮನೆಯಲ್ಲಿ ಲೋಡ್ ಕಡಿಮೆಯೋ ಅವರಿಗೆ ಅದರಲ್ಲಿ ದೊಡ್ಡ ಪಾಲು. ಒಂದು ಮನೆಯಲ್ಲಿ ಡಿಮ್, ಇನ್ನೊಂದರಲ್ಲಿ ಟಿವಿ, ಸೆಟ್‌ಟಾಪ್ ಬಾಕ್ಸ್, ಚಾರ್ಜರ್ ಎಲ್ಲ ಢಮಾರ್. ಕರೆಂಟ್ ಪೂರ್ತಿ ಹೋದರೆ ಕಾಯಬಹುದು. ಇದಕ್ಕೆ ಕಾಯಬಾರದು. ಕರೆಂಟ್ ದೂರಿನ ಫೋನ್ 1912ಕ್ಕೆ ಈಗಲೇ ಹೇಳಿ, "ನ್ಯೂಟ್ರಲ್ ಕಟ್" ಅನ್ನುವ ಮಾತನ್ನೇ ಹೇಳಿ. ಕೊಟ್ಟ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಅಕ್ಕಪಕ್ಕದವರಿಗೂ ಹೇಳಿ.

ಮಾದಾಪುರದವಳು
ಆಫ್ ಮಾಡಿದೆ. ಪಕ್ಕದವರಿಗೂ ಹೇಳಿದೆ. ಥ್ಯಾಂಕ್ಸ್ ಅಣ್ಣ.

ಮೂರ್ನಾಡು_ವಯರಿಂಗ್
ನಾನು ಮನೆ ವಯರಿಂಗ್ ಮಾಡುವವನು. ಅಣ್ಣ ಕಂಬದ ವಿಷಯ ಹೇಳಿದ್ದಾರೆ, ನಾನು ಮೀಟರಿನಿಂದ ಒಳಗಿನದ್ದು ಹೇಳುತ್ತೇನೆ.

ಪಕ್ಕದ ಮನೆಗಳಲ್ಲೆಲ್ಲ ಇದೆ, ನಿಮಗೊಬ್ಬರಿಗೇ ಇಲ್ಲ ಅಂದರೆ ಮೇನ್ ಬೋರ್ಡ್ ನೋಡಿ. ಸಣ್ಣ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬಿದ್ದಿದ್ದರೆ ಓವರ್‌ಲೋಡ್ ಅಥವಾ ಶಾರ್ಟ್. ಎರಡಕ್ಕೂ ವ್ಯತ್ಯಾಸ ಇದೆ. ಮೇಲೆ ಎತ್ತಿದ ಕೂಡಲೇ ಟಪ್ ಅಂತ ಬಿದ್ದರೆ ಶಾರ್ಟ್. ಸ್ವಲ್ಪ ಹೊತ್ತು ನಿಂತು ಆಮೇಲೆ ಬಿದ್ದರೆ ಲೋಡ್ ಜಾಸ್ತಿ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಲೋಡ್ ಏರುವುದು ಸಹಜ. 2000 ವ್ಯಾಟಿನ ಗೀಸರ್ ಒಂದೇ 9 ಆಂಪಿಯರ್ ಹತ್ತಿರ ಎಳೆಯುತ್ತದೆ. ಅದೇ ಸಾಲಿನಲ್ಲಿ ಇಂಡಕ್ಷನ್ ಒಲೆ, ಬಟ್ಟೆ ಒಣಗಿಸಲು ಹೀಟರ್ ಹಾಕಿದರೆ ಎಂಸಿಬಿ ಬೀಳಲೇಬೇಕು. ಬೀಳುತ್ತದೆ ಅಂತ ದೊಡ್ಡ ಎಂಸಿಬಿ ಹಾಕಿಸುವವರಿದ್ದಾರೆ. ದಯವಿಟ್ಟು ಬೇಡ. ಎಂಸಿಬಿ ಇರುವುದು ಗೋಡೆಯೊಳಗಿನ ವೈರ್ ಉಳಿಸಲು. ಎಂಸಿಬಿ ದೊಡ್ಡದು, ವೈರ್ ಹಳೆಯದೇ ಅಂದರೆ ಬಿಸಿಯಾಗುವುದು ಗೋಡೆಯೊಳಗೆ. ಹೆಂಚಿನ ಮನೆ, ಮರದ ಅಟ್ಟ ಇರುವವರು ಇದನ್ನು ತಮಾಷೆ ಮಾಡಬೇಡಿ.

ಮಳೆಗಾಲದಲ್ಲಿ ನನಗೆ ಬರುವ ಫೋನ್‌ಗಳಲ್ಲಿ ಜಾಸ್ತಿ ಇಎಲ್‌ಸಿಬಿಯದ್ದು. ಕೆಲವರು ಆರ್‌ಸಿಸಿಬಿ ಅಂತಾರೆ. ಟೆಸ್ಟ್ ಬಟನ್ ಇರುವ ಅಗಲದ ಸ್ವಿಚ್. ಹೋಗುವ ಕರೆಂಟ್ ಮತ್ತು ವಾಪಸ್ ಬರುವ ಕರೆಂಟ್ ಸಮ ಇಲ್ಲದಿದ್ದರೆ ಅದು ಬೀಳುತ್ತದೆ. ಮನೆಗೆ ಹಾಕುವುದು 30 ಮಿಲಿ ಆಂಪಿಯರಿನದ್ದು. ನಮ್ಮ ಹವೆಯಲ್ಲಿ ಅಷ್ಟು ಸೋರಲು ದೊಡ್ಡ ಕಾರಣ ಬೇಕಿಲ್ಲ. ಗೇಟಿನ ಲೈಟ್, ಹೊರಗೋಡೆಯ ಸ್ವಿಚ್‌ಬೋರ್ಡ್, ಬಚ್ಚಲಿನ ಗೀಸರ್ ಎಲಿಮೆಂಟ್, ಬಾವಿಯ ಪಂಪ್. ಬೋರ್ಡಿನೊಳಗೆ ಇರುವೆ ಗೂಡು ಕಟ್ಟಿದ್ದರೂ ಸಾಕು.

ಹುಡುಕುವುದು ಹೀಗೆ. ಎಲ್ಲ ಎಂಸಿಬಿ ಇಳಿಸಿ, ಇಎಲ್‌ಸಿಬಿ ಎತ್ತಿ. ನಿಂತರೆ ಒಂದೊಂದೇ ಎಂಸಿಬಿ ಎತ್ತುತ್ತಾ ಹೋಗಿ. ಯಾವುದಕ್ಕೆ ಬೀಳುತ್ತದೋ ಆ ಸಾಲಿನಲ್ಲಿ ದೋಷ. ಆ ಸಾಲಿನ ಪ್ಲಗ್‌ಗಳನ್ನೆಲ್ಲ ಕಿತ್ತು ಇನ್ನೊಮ್ಮೆ ನೋಡಿ. ನಿಂತರೆ ಸಾಮಾನಿನದ್ದು, ಆಗಲೂ ಬಿದ್ದರೆ ವೈರಿನದ್ದು. ಎಲ್ಲ ಎಂಸಿಬಿ ಇಳಿಸಿದರೂ ಇಎಲ್‌ಸಿಬಿ ನಿಲ್ಲದೇ ಇದ್ದರೆ ಅದು ಕೆಟ್ಟಿದೆ ಅಂತ ಹೊಸದು ತರಲು ಓಡಬೇಡಿ. ಸಾಧಾರಣ ಎಂಸಿಬಿ ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ. ಎಲ್ಲೋ ನ್ಯೂಟ್ರಲ್ ವೈರ್ ಅರ್ಥಿಗೆ ತಾಗಿದ್ದರೆ ಎಂಸಿಬಿ ಇಳಿಸಿದರೂ ಬೀಳುತ್ತದೆ. ಇದಕ್ಕೆ ಮೆಗ್ಗರ್, ಅಂದರೆ ವೈರಿನ ಸೋರಿಕೆ ಅಳೆಯುವ ಯಂತ್ರ, ಇರುವವರೇ ಬರಬೇಕು.

ಮಾಡಬಾರದ ಕೆಲಸ ಒಂದೇ. ಪದೇ ಪದೇ ಬೀಳುತ್ತದೆ ಅಂತ ಇಎಲ್‌ಸಿಬಿಗೆ ಬೈಪಾಸ್ ಕೊಡುವುದು. ಒದ್ದೆ ಕಾಲಲ್ಲಿ ಬಚ್ಚಲಿಗೆ ಹೋಗುವವರು ನಿಮ್ಮ ಮನೆಯವರೇ.

ನಾಪೋಕ್ಲು_ತೋಟದಮನೆ
ಇದು ಬಹಳ ಉಪಯೋಗ ಆಯಿತು. ಇನ್ನೊಂದು. ಎಂಸಿಬಿ, ಇಎಲ್‌ಸಿಬಿ ಯಾವುದೂ ಬಿದ್ದಿಲ್ಲ, ಪಕ್ಕದಲ್ಲಿ ಇದೆ, ನಮ್ಮಲ್ಲಿ ಮಾತ್ರ ಇಲ್ಲ ಅಂದರೆ?

ಮೂರ್ನಾಡು_ವಯರಿಂಗ್
ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ನೋಡಿ, ದೂರದಿಂದ. ತೋಟದ ಮನೆಗಳಿಗೆ ಅದು ಉದ್ದ ಇರುತ್ತದೆ, ಜೋತುಬಿದ್ದಿರುತ್ತದೆ, ಹಲಸಿನ ಕೊಂಬೆ ಉಜ್ಜಿ ಉಜ್ಜಿ ಒಳಗೇ ಕಡಿದಿರುತ್ತದೆ. ಗಾಳಿ ಬೀಸಿದಾಗ ಹೋಗಿ ಗಾಳಿ ನಿಂತಾಗ ಬಂದರೆ ಬಹುತೇಕ ಇದೇ ಅಥವಾ ಕಂಬದ ಮೇಲಿನ ಜಾಯಿಂಟ್. ಇಲ್ಲವಾದರೆ ಮೀಟರಿನ ಟರ್ಮಿನಲ್ ಸುಟ್ಟಿರಬಹುದು. ಸುಟ್ಟ ವಾಸನೆ, ಕಪ್ಪು ಕಲೆ ಇರುತ್ತದೆ. ಮೀಟರಿನ ಸೀಲ್ ನೀವೂ ಮುಟ್ಟಬೇಡಿ, ನಮ್ಮಂಥವರ ಕೈಯಲ್ಲೂ ಬಿಚ್ಚಿಸಬೇಡಿ. ಅದು ಅವರ ಕೆಲಸ.

ಸಿದ್ದಾಪುರ_ಮೆಣಸು
ಮನೆಯೊಳಗಿನದ್ದು ಸರಿ. ಸ್ವಲ್ಪ ಗಾಳಿ ಬಂದರೆ ಊರಿಗೆಲ್ಲ ಹೋಗುತ್ತದಲ್ಲ, ಅದಕ್ಕೆ ಏನು ಹೇಳುತ್ತೀರಿ? ಹೋಗುತ್ತದೆ, ಐದು ನಿಮಿಷಕ್ಕೆ ಬರುತ್ತದೆ, ಮತ್ತೆ ಹೋಗುತ್ತದೆ. ಯಾರೋ ಸ್ವಿಚ್ ಹಿಡಿದು ಆಟ ಆಡುತ್ತಾರಾ ಅಂತ ಅನುಮಾನ.

ಹಳೇ_ಲೈನ್‌ಮನ್
ಆಟ ಅಲ್ಲ ಸರ್. ಒಂದು ಕೊಂಬೆ 11 ಕೆವಿ ತಂತಿಗೆ ತಾಗಿದರೆ ಕರೆಂಟ್ ನೆಲಕ್ಕೆ ಹರಿಯುತ್ತದೆ. ಸಬ್‌ಸ್ಟೇಷನ್ನಿನ ರಿಲೇ (ದೋಷ ಗುರುತಿಸುವ ಸಾಧನ) ಅದನ್ನು ಕಂಡು ಇಡೀ ಫೀಡರ್, ಅಂದರೆ ಸ್ಟೇಷನ್ನಿನಿಂದ ಊರುಗಳಿಗೆ ಹೊರಡುವ ಇಡೀ 11 ಕೆವಿ ಲೈನ್, ಕಡಿಯುತ್ತದೆ. ಕೆಲವು ನಿಮಿಷ ಬಿಟ್ಟು ಟೆಸ್ಟ್ ಚಾರ್ಜ್ ಮಾಡಿ, ಅಂದರೆ ಕರೆಂಟ್ ಮತ್ತೆ ಬಿಟ್ಟು, ನೋಡುತ್ತಾರೆ. ಕೊಂಬೆ ತಾಗಿ ಸರಿದು ಹೋಗಿದ್ದರೆ ನಿಲ್ಲುತ್ತದೆ. ಇನ್ನೂ ತಾಗಿಕೊಂಡೇ ಇದ್ದರೆ ಮತ್ತೆ ಟ್ರಿಪ್. ಆಮೇಲೆ ಲೈನ್ ನಡೆದು ನೋಡುವುದು ಬಿಟ್ಟು ಬೇರೆ ದಾರಿ ಇಲ್ಲ. ನಮ್ಮಲ್ಲಿ ಒಂದು ಫೀಡರ್ ಅಂದರೆ ಎಷ್ಟು ತೋಟ, ಎಷ್ಟು ತೊರೆ, ಎಷ್ಟು ಏರು ದಾಟುತ್ತದೆ ಅಂತ ನಿಮಗೇ ಗೊತ್ತು. ಮನೆಗಳು ಒಂದೊಂದು ಗುಡ್ಡಕ್ಕೆ ಒಂದೊಂದು. ಮಂಜಿನಲ್ಲಿ ಕಂಬದ ತುದಿಯೇ ಕಾಣುವುದಿಲ್ಲ. ಜಿಗಣೆ ಲೆಕ್ಕಕ್ಕೇ ಇಲ್ಲ. ಎಬಿ ಸ್ವಿಚ್ (ಕಂಬದ ಮೇಲೆ ಲೈನ್ ಕಡಿಯುವ ಸ್ವಿಚ್) ತೆಗೆದು ಅರ್ಧ ಲೈನ್ ಬೇರೆ ಮಾಡಿ, ದೋಷ ಯಾವ ಕಡೆ ಅಂತ ನೋಡಿ, ಮತ್ತೆ ಅದರಲ್ಲಿ ಅರ್ಧ. ಹೀಗೆ ಹುಡುಕುವಾಗಲೂ ಕರೆಂಟ್ ಬಂದು ಹೋಗಿ ಮಾಡುತ್ತದೆ.

ಹುಡುಕಲು ತುಂಬಾ ಕಷ್ಟ ಕೊಡುವುದು ಬಿರುಕು ಬಿಟ್ಟ ಪಿಂಗಾಣಿ. ಇನ್ಸುಲೇಟರಿನಲ್ಲಿ ಕೂದಲೆಳೆಯಷ್ಟು ಬಿರುಕು. ಒಣಗಿದ್ದಾಗ ಏನೂ ಇಲ್ಲ. ನೀರು ಇಳಿದರೆ ಕರೆಂಟ್ ಕಂಬಕ್ಕೆ ಹಾರುತ್ತದೆ, ಲೈನ್ ಟ್ರಿಪ್. ಹುಡುಕಲು ಹೋಗುವ ಹೊತ್ತಿಗೆ ಬಿಸಿಲು ಬಂದು ಒಣಗಿ ಲೈನ್ ನಿಂತಿರುತ್ತದೆ. ಕೆಳಗಿನಿಂದ ನೋಡಿದರೆ ಬಿರುಕು ಕಾಣುವುದಿಲ್ಲ. ಮೊದಲ ಸಣ್ಣ ಮಳೆಗೆ ಜಾಸ್ತಿ ಟ್ರಿಪ್ ಆಗುವುದಕ್ಕೂ ಕಾರಣ ಇದೆ. ಬೇಸಗೆಯ ಧೂಳು ಪಿಂಗಾಣಿ ಮೇಲೆ ಕೂತಿರುತ್ತದೆ. ಜಿಟಿಜಿಟಿ ಮಳೆ ಅದನ್ನು ಒದ್ದೆ ಮಾಡುತ್ತದೆ, ತೊಳೆಯುವುದಿಲ್ಲ. ಜೋರು ಮಳೆ ಬಂದರೆ ತೊಳೆದುಹೋಗುತ್ತದೆ.

ಕಾಲಕ್ಕೆ ತಕ್ಕ ಹಾಗೆ ಕಾರಣವೂ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು, ಸಿಡಿಲು. ಟಿಸಿ ಸುಡುವುದು, ಪಿಂಗಾಣಿ ಒಡೆಯುವುದು ಆಗ ಜಾಸ್ತಿ. ಜೂನ್‌ನಿಂದ ಕಕ್ಕಡ ತಿಂಗಳು ಮುಗಿಯುವವರೆಗೆ, ಅಂದರೆ ಆಗಸ್ಟ್ ನಡುವಿನವರೆಗೆ, ಗಾಳಿ ಮತ್ತು ಮರ. ಮಣ್ಣು ನೆನೆದು ಸಡಿಲವಾಗುವುದರಿಂದ ಮರ ಬುಡಸಮೇತ ಬೀಳುತ್ತದೆ, ಕಂಬವೂ ವಾಲುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಕಂಬ ಇದ್ದ ಜಾಗವೇ ಇರಲಿಲ್ಲ, ಅಂಥದ್ದಕ್ಕೆ ಯಾರೂ ಏನೂ ಮಾಡುವಂತಿಲ್ಲ. ಅದು ಬೇರೆ ಮಾತು. ಫೆಬ್ರವರಿ, ಮಾರ್ಚ್‌ನಲ್ಲಿ ಮರವೂ ಇಲ್ಲ, ಮಳೆಯೂ ಇಲ್ಲ, ಆದರೂ ಡಿಮ್. ಕಾಫಿ ಹೂವಿಗೆ ನೀರು ಹಾಯಿಸಲು ಎಲ್ಲರೂ ಒಟ್ಟಿಗೆ ಪಂಪ್ ಹಾಕುತ್ತಾರೆ. 25 ಕೆವಿಎ ಟಿಸಿ ಮೇಲೆ 10 ಎಚ್‌ಪಿಯ ಎರಡು, ಮೂರು ಮೋಟಾರ್ ಬಿದ್ದರೆ ಅದು ಏನು ಮಾಡಬೇಕು?

ಗೋಣಿಕೊಪ್ಪ_ಮೇಷ್ಟ್ರು
ಆನೆಯನ್ನು ಬಿಟ್ಟಿರಿ. ನಮ್ಮ ಕಡೆ ಆನೆ ಹಲಸಿಗೆ ಬಂದು ಬೈನೆ ಮರ ದೂಡಿ ಲೈನ್ ಮೇಲೆ ಹಾಕುತ್ತದೆ. ಮಂಗ, ಬಾವಲಿ, ಅಳಿಲು ಟಿಸಿ ಮೇಲೆ ಹತ್ತಿ ಎರಡು ತಂತಿ ಮುಟ್ಟಿದರೆ ಫ್ಯೂಸ್ ಹೋಗುತ್ತದೆ, ಪಾಪ ಅದೂ ಹೋಗುತ್ತದೆ.

ಹಳೇ_ಲೈನ್‌ಮನ್
ಹೌದು ಮೇಷ್ಟ್ರೇ. ಸ್ಟೇ ವೈರಿನ (ಕಂಬ ವಾಲದಂತೆ ನೆಲಕ್ಕೆ ಎಳೆದು ಕಟ್ಟಿದ ತಂತಿ) ಮೇಲೆ ಹಬ್ಬುವ ಬಳ್ಳಿಯನ್ನೂ ಸೇರಿಸಿ. ಕೆಳಗೆ ನೋಡಲು ಚಂದ ಹಸಿರು, ಮೇಲೆ ತಂತಿ ಮುಟ್ಟಿರುತ್ತದೆ. ಆದರೆ ಇವೆಲ್ಲ ಸೇರಿದರೂ ಸಿಲ್ವರ್ ಮರದ, ಅಂದರೆ ತೋಟದ ನೆರಳಿಗೆ ನೆಡುವ ಸಿಲ್ವರ್ ಓಕಿನ, ಲೆಕ್ಕಕ್ಕೆ ಬರುವುದಿಲ್ಲ. ಸಿಲ್ವರ್ ಕೊಂಬೆಗೆ ಬಾಗುವ ಗುಣ ಇಲ್ಲ, ಗಾಳಿಗೆ ಪಟ್ ಅಂತ ಮುರಿಯುತ್ತದೆ. ಅದನ್ನೇ ಲೈನಿನ ಬದಿಗೆ ಸಾಲಾಗಿ ನೆಟ್ಟಿರುತ್ತಾರೆ. ಕಡಿಯಲು ಹೋದರೆ ಗೇಟ್ ಮುಚ್ಚುತ್ತಾರೆ. ಕರೆಂಟ್ ಹೋದರೆ ಮೊದಲು ಫೋನ್ ಮಾಡುವವರೂ ಅವರೇ.

ಸಿದ್ದಾಪುರ_ಮೆಣಸು
ಈ ಮಾತು ನನಗೇ ಹೇಳಿದ ಹಾಗಿದೆ, ಇರಲಿ. ನಮ್ಮ ಕಡೆಯದ್ದೂ ಕೇಳಿ. ಸಿಲ್ವರ್ ಅಂದರೆ ಬರೀ ಮರ ಅಲ್ಲ, ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿರುತ್ತೇವೆ. ಬಳ್ಳಿ ಚೆನ್ನಾಗಿ ಫಸಲು ಕೊಡಲು ವರ್ಷಗಟ್ಟಲೆ ಬೇಕು. ಕಡಿಯಲು ಬಂದವರು ನೆತ್ತಿ ಮಾತ್ರ ಕಡಿಯುವುದಿಲ್ಲ. ಕತ್ತಿ ಬೀಸಿದ ಕಡೆ ಬಳ್ಳಿ, ಕೆಳಗೆ ಕಾಫಿ ಗಿಡ, ಎಲ್ಲ ಹೋಗುತ್ತದೆ. ಅದೂ ಜೂನ್‌ನಲ್ಲಿ, ಮಳೆ ಬಿದ್ದ ಮೇಲೆ ಬರುತ್ತಾರೆ. ಬೇಸಗೆಯಲ್ಲಿ ಹೇಳಿ ಬಂದರೆ ಗೇಟ್ ಯಾಕೆ ಮುಚ್ಚಲಿ? ಲೈನ್ ಹಾಕುವಾಗ ತೋಟದ ನಡುವೆ ಅಡ್ಡ ಹಾಕದೆ ರಸ್ತೆ ಬದಿಗೆ ಹಾಕಿದ್ದರೆ ಈ ಜಗಳವೇ ಇರುತ್ತಿರಲಿಲ್ಲ.

ಮಾದಾಪುರದವಳು
ಇದೂ ನ್ಯಾಯವೇ. ನೆಲದಡಿ ಕೇಬಲ್ ಹಾಕಲು ಆಗುವುದಿಲ್ವಾ?

ಹಳೇ_ಲೈನ್‌ಮನ್
ಪೇಟೆಯೊಳಗೆ ಆಗುತ್ತದೆ. ಗುಡ್ಡದಲ್ಲಿ ಖರ್ಚು ಬಹಳ, ಮಣ್ಣು ಜಾರಿದರೆ ಕೇಬಲೂ ಜೊತೆಗೆ. ನೆಲದಡಿ ಕೇಬಲ್ ಕೆಟ್ಟರೆ ಹುಡುಕುವುದು ಇನ್ನೂ ಕಷ್ಟ. ನನ್ನ ಕೇಳಿದರೆ ಮರ ಜಾಸ್ತಿ ಇರುವ ಕಡೆಗಳಲ್ಲಿ ಹೊದಿಕೆ ಇರುವ ತಂತಿ, ಅಂದರೆ ಕಂಬದ ಮೇಲೇ ಹೋಗುವ ಎಬಿ ಕೇಬಲ್. ಕೊಂಬೆ ತಾಗಿದರೆ ಟ್ರಿಪ್ ಆಗುವುದಿಲ್ಲ. ಮರವೇ ಮೇಲೆ ಬಿದ್ದರೆ ಅದೂ ನಿಲ್ಲುವುದಿಲ್ಲ ಅನ್ನಿ.

ಸಿದ್ದಾಪುರದ ಸರ್ ಹೇಳಿದ ಹಾಗೆ ಸಮಯದ ವಿಷಯದಲ್ಲಿ ಅವರದ್ದೇ ಸರಿ. ಮಾರ್ಚ್, ಏಪ್ರಿಲ್‌ನಲ್ಲಿ ನೀವು ಹೇಗೂ ನೆರಳು ಮರದ ಕಪಾತು (ಕೊಂಬೆ ಸವರುವುದು) ಮಾಡಿಸುತ್ತೀರಿ. ಲೈನ್ ಬದಿಯ ಮರ ಮಾತ್ರ ನಿಮ್ಮ ಆಳುಗಳಿಂದ ನೇರ ಕಡಿಸಬೇಡಿ. ಸೆಕ್ಷನ್ ಆಫೀಸಿಗೆ ಮೊದಲೇ ಅರ್ಜಿ ಕೊಡಿ. ಅವರು ಎಲ್‌ಸಿ (ಲೈನ್ ಆಫ್ ಮಾಡಿ ಕೆಲಸ ಮಾಡಲು ಒಪ್ಪಿಗೆ) ತೆಗೆದು, ಲೈನ್ ಆಫ್ ಮಾಡಿ, ತಂತಿಗೆ ಅರ್ಥ್ ಹಾಕಿದ ಮೇಲೆ ನಿಮ್ಮ ಆಳೇ ನಿಮಗೆ ಬೇಕಾದ ಹಾಗೆ ಕಡಿಯಲಿ. ಬಳ್ಳಿಯೂ ಉಳಿಯುತ್ತದೆ.

ಸಿದ್ದಾಪುರ_ಮೆಣಸು
ಇದಕ್ಕೆ ಒಪ್ಪಿದೆ. ಇನ್ನೊಂದು ನಾನೇ ಸೇರಿಸುತ್ತೇನೆ. ಮೆಣಸು ಕುಯ್ಯುವಾಗ ಅಲ್ಯುಮಿನಿಯಂ ಏಣಿ ಲೈನಿಗೆ ತಾಗಿ ಕೊಡಗಿನಲ್ಲಿ ಎಷ್ಟೋ ಜೀವ ಹೋಗಿವೆ. ಲೈನ್ ಪಕ್ಕದ ಮರಕ್ಕೆ ಏಣಿ ಇಡಿಸಲೇಬೇಡಿ. ಏಣಿಯನ್ನು ನಿಲ್ಲಿಸಿಕೊಂಡು ಒಂದು ಮರದಿಂದ ಇನ್ನೊಂದಕ್ಕೆ ಸಾಗಿಸುವಾಗಲೇ ತಾಗುವುದು ಜಾಸ್ತಿ. ಮಲಗಿಸಿ ಒಯ್ಯಲು ಹೇಳಿ.

ಚೆಟ್ಟಳ್ಳಿ_ವರ್ಕ್‌ಫ್ರಮ್‌ಹೋಮ್
ಸ್ವಲ್ಪ ದಾರಿ ತಪ್ಪಿದ ಪ್ರಶ್ನೆ. ಮನೆಯಿಂದಲೇ ಕೆಲಸ. ಇನ್ವರ್ಟರ್ ಇದೆ, 150 ಎಎಚ್ ಬ್ಯಾಟರಿ ಒಂದು. ಮೊದಲ ದಿನ ಚೆನ್ನಾಗಿ ಬರುತ್ತದೆ, ಎರಡನೇ ದಿನ ಬೇಗ ಕೈಕೊಡುತ್ತದೆ. ಬ್ಯಾಟರಿ ಹೋಯಿತಾ? ಸೋಲಾರ್ ಹಾಕಿಸಿದರೆ ಸರಿಯಾಗುತ್ತದಾ?

ಮೂರ್ನಾಡು_ವಯರಿಂಗ್
ಬ್ಯಾಟರಿ ಹೋಗಿಲ್ಲದಿರಬಹುದು. 12 ವೋಲ್ಟ್, 150 ಎಎಚ್ ಅಂದರೆ ಕಾಗದದ ಮೇಲೆ 1800 ವ್ಯಾಟ್ ಅವರ್. ಕೈಗೆ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಲ್ಯಾಪ್‌ಟಾಪ್, ರೂಟರ್, ನಾಲ್ಕೈದು ಎಲ್‌ಇಡಿ ಸೇರಿ 120 ವ್ಯಾಟ್ ಅಂದರೂ ಎಂಟೊಂಬತ್ತು ಗಂಟೆ. ಖಾಲಿಯಾದ ಬ್ಯಾಟರಿ ತುಂಬಲು ಹತ್ತು ಗಂಟೆ ಮೇಲೆ ಬೇಕು. ನಡುವೆ ಎರಡು ಗಂಟೆ ಕರೆಂಟ್ ಬಂದು ಹೋದರೆ ಎಲ್ಲಿಂದ ತುಂಬಬೇಕು? ಸೋಲಾರ್ ಹಾಕಿಸುವ ಮೊದಲು ಒಂದು ತಿಳಿದುಕೊಳ್ಳಿ. ಬಿಲ್ ಕಡಿಮೆ ಆಗಲಿ ಅಂತ ಲೈನಿಗೆ ಸೇರಿಸುವ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವವರು ಉಳಿಯಲಿ ಅಂತಲೇ ಹಾಗೆ ಮಾಡಿರುವುದು. ಕತ್ತಲೆಗೆ ಬೇಕಾದರೆ ಬ್ಯಾಟರಿ ಇರುವುದೇ ಬೇಕು. ಅದೂ ಜುಲೈ ತಿಂಗಳ ಮೋಡದಲ್ಲಿ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ.

ಭಾಗಮಂಡಲ_ಮಳೆ
ನಮ್ಮಲ್ಲಿ ಜನರೇಟರೇ ಗತಿ.

ಹಳೇ_ಲೈನ್‌ಮನ್
ಜನರೇಟರ್ ಇರುವವರೆಲ್ಲ ಇದನ್ನು ಓದಿ. ಚೇಂಜ್‌ಓವರ್ ಸ್ವಿಚ್, ಅಂದರೆ ಮನೆಗೆ ಲೈನ್ ಅಥವಾ ಜನರೇಟರ್ ಒಂದನ್ನೇ ಸೇರಿಸುವ ಸ್ವಿಚ್, ಇದೆಯಾ? ಕೆಲವರು ಎರಡೂ ಕಡೆ ಪ್ಲಗ್ ಇರುವ ವೈರ್ ಮಾಡಿಕೊಂಡು ಜನರೇಟರಿನಿಂದ ಮನೆಯ ಸಾಕೆಟ್ಟಿಗೆ ಚುಚ್ಚುತ್ತಾರೆ. ಮೇನ್ ಇಳಿಸಲು ಮರೆತರೆ ಆ ಕರೆಂಟ್ ಲೈನಿಗೆ ವಾಪಸ್ ಹೋಗುತ್ತದೆ. ಟಿಸಿ 11 ಕೆವಿಯನ್ನು ಇಳಿಸುವುದು ಮಾತ್ರ ಅಲ್ಲ. ಕೆಳಗಿನಿಂದ ಕೊಟ್ಟರೆ ಹಾಗೆಯೇ ಏರಿಸಿ ಮೇಲಿನ ತಂತಿಗೂ ಕಳಿಸುತ್ತದೆ. ಲೈನ್ ಆಫ್ ಇದೆ ಅಂತ ನಂಬಿ ಕಂಬ ಹತ್ತಿದ ಹುಡುಗನ ಕೈ ಅದರ ಮೇಲೆ ಇರುತ್ತದೆ. ಇನ್ನು ಮಾತು ಬೇಡ. ಚೇಂಜ್‌ಓವರ್ ಹಾಕಿಸಿ.

ಗೋಣಿಕೊಪ್ಪ_ಮೇಷ್ಟ್ರು
ಬಿದ್ದ ತಂತಿಯ ವಿಷಯವನ್ನೂ ಹೇಳಿಬಿಡಿ ಅಣ್ಣ. ಗದ್ದೆಗೆ ಹೋಗುವ ಮಕ್ಕಳಿಗೆ ಶಾಲೆಯಲ್ಲಿ ಹೇಳುತ್ತೇವೆ, ದೊಡ್ಡವರೇ ಕೋಲು ಹಿಡಿದು ಸರಿಸಲು ಹೋಗುತ್ತಾರೆ.

ಹಳೇ_ಲೈನ್‌ಮನ್
ತಂತಿ ನೆಲಕ್ಕೆ ಬಿದ್ದ ಮೇಲೆ ಕರೆಂಟ್ ಇರುವುದಿಲ್ಲ ಅನ್ನುವುದು ತಪ್ಪು ನಂಬಿಕೆ. ಕಲ್ಲಿನ ಮೇಲೋ, ಒಣ ಎಲೆಯ ಮೇಲೋ ಬಿದ್ದರೆ ನೆಲಕ್ಕೆ ಹರಿಯುವ ಕರೆಂಟ್ ಕಡಿಮೆ. ಸ್ಟೇಷನ್ನಿಗೆ ಗೊತ್ತೇ ಆಗದೆ ಲೈನ್ ಜೀವಂತ ಇರುತ್ತದೆ. ಟ್ರಿಪ್ ಆಗಿದ್ದರೂ ಟೆಸ್ಟ್ ಚಾರ್ಜ್ ಮಾಡುತ್ತಾರೆ ಅಂತ ಆಗಲೇ ಹೇಳಿದೆನಲ್ಲ, ಆ ಹೊತ್ತಿಗೆ ನೀವು ಪಕ್ಕದಲ್ಲಿದ್ದರೆ? ಒದ್ದೆ ನೆಲದಲ್ಲಿ ತಂತಿಯ ಸುತ್ತಲೂ ಕರೆಂಟ್ ಹರಡಿರುತ್ತದೆ, ಎರಡು ಕಾಲಿನ ನಡುವೆಯೇ ಹೊಡೆಯುತ್ತದೆ. ದನಗಳಿಗೆ ಕಾಲು ದೂರ ದೂರ ಇರುವುದರಿಂದ ಅವು ಬೇಗ ಸಾಯುತ್ತವೆ. ನೀವು ಹತ್ತಿರ ಬಂದುಬಿಟ್ಟಿದ್ದರೆ ದೊಡ್ಡ ಹೆಜ್ಜೆ ಹಾಕಿ ಓಡಬೇಡಿ. ಎರಡು ಪಾದ ಜೋಡಿಸಿಕೊಂಡು ಸಣ್ಣಸಣ್ಣಕ್ಕೆ ಜರುಗಿ ಹಿಂದೆ ಹೋಗಿ. ದಾರಿಯ ಎರಡೂ ಕಡೆ ಯಾರಾದರೂ ನಿಂತು ಜನರನ್ನು, ದನಗಳನ್ನು ತಡೆಯಿರಿ. ಫೋನಿನಲ್ಲಿ ಕಂಬದ ಮೇಲೆ ಬರೆದಿರುವ ನಂಬರ್ ಹೇಳಿದರೆ ಬಹಳ ಒಳ್ಳೆಯದು. "ದೊಡ್ಡ ಅತ್ತಿ ಮರದ ಹತ್ತಿರ" ಅಂದರೆ ಹೊಸ ಹುಡುಗರಿಗೆ ಗೊತ್ತಾಗುವುದಿಲ್ಲ.

ಮಾದಾಪುರದವಳು
ಲೈನ್‌ಮನ್ ಬಂದು ಹೋದರು. ಕಂಬದ ಮೇಲೆ ನ್ಯೂಟ್ರಲ್ ಜಾಯಿಂಟ್ ತುಕ್ಕು ಹಿಡಿದು ಬಿಟ್ಟಿತ್ತಂತೆ. ಮಿಕ್ಸಿ ಹಾಕಿ ನೋಡಿದೆ, ಬಲ್ಬ್ ಅಲ್ಲಾಡಲಿಲ್ಲ.

ಮೂರ್ನಾಡು_ವಯರಿಂಗ್
ಅಕ್ಕ, ಫ್ರಿಜ್ ಹಾಕುವ ಮೊದಲು ಅದರ ಸ್ಟೆಬಿಲೈಸರ್ ನೋಡಿ. ಜಾಸ್ತಿ ವೋಲ್ಟೇಜ್ ಬಂದಾಗ ಮೊದಲು ಸುಡುವುದು ಅದು. ವಾಸನೆ ಬಂದರೆ ಹಾಕಬೇಡಿ, ಬಿಚ್ಚಿ ತನ್ನಿ.